ಮನೆಯವರು ಎಲ್ಲಿ ಎಂದು ಕೇಳುವವರಿಗೆ

ನಮ್ಮ ಕಡೆಯ ಊರುಗಳಲ್ಲಿ ಸೈನಿಕನಿಗೆ ಗೌರವ ಕಡಿಮೆ ಎಂದು ಯಾರೂ ಹೇಳಲಾರರು. ಆಗಸ್ಟ್ 15ಕ್ಕೆ ಅವನನ್ನು ಶಾಲೆಯ ಅಂಗಳಕ್ಕೆ ಕರೆದು ಕುರ್ಚಿಯ ಮೇಲೆ ಕೂಡ್ರಿಸಿ ಶಾಲು ಹೊದಿಸುತ್ತೇವೆ. ನಿವೃತ್ತನಾಗಿ ಬಂದರೆ ತೆರೆದ ಜೀಪಿನಲ್ಲಿ ನಿಲ್ಲಿಸಿ, ಡೊಳ್ಳು ಬಾರಿಸುತ್ತ ಊರೆಲ್ಲ ಮೆರೆಸುತ್ತೇವೆ. ದುರ್ದೈವದಿಂದ ಅವನು ಗಡಿಯಲ್ಲಿಯೇ ಕಣ್ಣು ಮುಚ್ಚಿದರೆ ಬಸ್ ಸ್ಟ್ಯಾಂಡಿನಿಂದ ಅಗಸಿಯವರೆಗೆ ಫ್ಲೆಕ್ಸ್ ಕಟ್ಟುತ್ತೇವೆ; ಅದರಲ್ಲಿ ಅವನ ಮುಖಕ್ಕಿಂತ ಶ್ರದ್ಧಾಂಜಲಿ ಕೋರುವವರ ಮುಖಗಳೇ ಹೆಚ್ಚಾಗಿರುತ್ತವೆ. ಇಷ್ಟೆಲ್ಲ ಮಾಡುವ ಊರು, ಅದೇ ಸೈನಿಕನ ಹೆಂಡತಿ ಒಂದು ಅರ್ಜಿ ಹಿಡಿದುಕೊಂಡು ಕಚೇರಿಯ ಬಾಗಿಲಿಗೆ ಬಂದು ನಿಂತರೆ ಕೇಳುವ ಮೊದಲನೆಯ ಪ್ರಶ್ನೆ ಯಾವುದು ಗೊತ್ತೆ? “ನಿಮ್ಮ ಮನಿಯವ್ರು ಎಲ್ಲದಾರವಾ? ಅವ್ರನ್ನ ಕರಕೊಂಡು ಬಾ.”

ಮನೆಯವರು ಎಲ್ಲಿದ್ದಾರೆಂದು ಊರಿಗೆಲ್ಲ ಗೊತ್ತು. ಅವರು ಊರಿನಲ್ಲಿಲ್ಲ ಎಂಬ ಕಾರಣಕ್ಕಾಗಿಯೇ ನಾವು ಅವರಿಗೆ ಶಾಲು ಹೊದಿಸುತ್ತೇವೆ. ಆದರೂ ಅವರ ಸಹಿ ಇಲ್ಲದೆ ಅವರ ಮನೆಯ ಒಂದು ಕಡ್ಡಿಯೂ ಅಲುಗಬಾರದೆಂದು ಬಯಸುತ್ತೇವೆ. ಈ ಎರಡು ಮಾತು ಒಂದೇ ಬಾಯಲ್ಲಿ ಬರುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

ಮೂವತ್ತು ವರ್ಷಕ್ಕೂ ಮೇಲೆ ಕುಂದಗೋಳ, ನವಲಗುಂದ ತಾಲೂಕುಗಳ ಹಳ್ಳಿಗಳಲ್ಲಿ ಶಿಕ್ಷಕಿಯಾಗಿ ಕೆಲಸ ಮಾಡಿದವಳು ನಾನು. ಅಲ್ಲಿಯ ಮಕ್ಕಳಿಗೆ ‘ಅಕ್ಕೋರು’. ನನ್ನ ಕೈಯಲ್ಲಿ ಅಕ್ಷರ ಕಲಿತ ಹುಡುಗರಲ್ಲಿ ಕೆಲವರು ಮಿಲ್ಟ್ರಿಗೆ ಹೋದರು. ಅವರ ಮಕ್ಕಳಿಗೂ ನಾನೇ ಪಾಟಿಯ ಮೇಲೆ ಅಕ್ಷರ ತಿದ್ದಿಸಿದೆ. ಆದ್ದರಿಂದ ಈ ಮಾತನ್ನು ದಿಲ್ಲಿಯ ದೃಷ್ಟಿಯಿಂದಲ್ಲ, ಹಳ್ಳಿಯ ಕಟ್ಟೆಯಿಂದ ಆಡುತ್ತಿದ್ದೇನೆ. ಓದುವ ಅಕ್ಕತಂಗಿಯರು ಪಟ್ಟಣದಲ್ಲಿರುವವರು. ನಿಮ್ಮಲ್ಲಿ ಬಹಳ ಮಂದಿಯ ತವರು ಇಂಥ ಹಳ್ಳಿಯೇ. ಆದ್ದರಿಂದ ಸಿಟ್ಟಾಗದೆ ಕೇಳುತ್ತೀರೆಂದು ನಂಬಿದ್ದೇನೆ.

ನಮ್ಮ ಜಿಲ್ಲೆಯ ಸೈನಿಕನೊಬ್ಬನ ಹೆಸರು ದೇಶದ ಬಾಯಲ್ಲೆಲ್ಲ ಬಂದದ್ದು 2016ರ ಫೆಬ್ರವರಿಯಲ್ಲಿ. ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನವನು. ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಅದರಡಿ ಸಿಕ್ಕರು. ಆರು ದಿನಗಳ ಮೇಲೆ, ಇಪ್ಪತ್ತೈದು ಅಡಿಗೂ ಆಳದ ಹಿಮದೊಳಗಿಂದ ಹನುಮಂತಪ್ಪನನ್ನು ಜೀವಂತವಾಗಿ ತೆಗೆದರು. ಇಡೀ ದೇಶ ದೇವರಿಗೆ ಕೈಮುಗಿಯಿತು. ಫೆಬ್ರವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ವಯಸ್ಸು ಮೂವತ್ಮೂರು. ಆ ಹತ್ತು ಜನರಲ್ಲಿ ನಮ್ಮ ರಾಜ್ಯದವರೇ ಮೂವರು. ಹಾಸನದ ತೇಜೂರಿನ ಸುಬೇದಾರ ನಾಗೇಶ, ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಕಡೆಯ ಸಿಪಾಯಿ ಮಹೇಶ ಇನ್ನಿಬ್ಬರು.

ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ದರ್ಶನಕ್ಕೆ ಇಟ್ಟಾಗ ನೆರೆದ ಜನವನ್ನು ನೀವೂ ನೋಡಿರಬಹುದು. ಬೆಟದೂರಿನಲ್ಲಿ ಮಣ್ಣು ಕೊಟ್ಟಾಗ ಎರೆಹೊಲಗಳ ಹಾದಿಯಲ್ಲೆಲ್ಲ ಜನ. ಆ ಕಣ್ಣೀರು ಸುಳ್ಳಲ್ಲ. ನಾನು ಅದನ್ನು ಹಗುರಾಗಿ ಕಾಣುತ್ತಿಲ್ಲ. ಸರ್ಕಾರ ಇಪ್ಪತ್ತೈದು ಲಕ್ಷ ರೂಪಾಯಿ, ಜಮೀನು, ನಿವೇಶನ, ಮನೆಯವರಿಗೆ ನೌಕರಿ ಎಂದು ಹೇಳಿತು. ಮರುವರ್ಷ ಜನವರಿ 15ರ ಸೇನಾ ದಿನದಂದು ಅವನಿಗೆ ಮರಣೋತ್ತರವಾಗಿ ಸೇನಾ ಪದಕ ಬಂತು. ಪದಕ ಹೊತ್ತಿಗೆ ಸರಿಯಾಗಿ ಬಂತು. ನೌಕರಿಯ ಮಾತು ಮಾತ್ರ ಇನ್ನೂ ನೆರವೇರಿಲ್ಲವೆಂಬ ಸುದ್ದಿ ಎರಡು ವರ್ಷದ ಮೇಲೆಯೂ ಪತ್ರಿಕೆಗಳಲ್ಲಿ ಬರುತ್ತಿತ್ತು. ದೇಶವೆಲ್ಲ ಹೆಸರು ಬಲ್ಲ ಮನೆಯದೇ ಹೀಗಾದರೆ, ಹೆಸರು ಪೇಪರಿಗೆ ಬಾರದ ಮನೆಗಳ ಪಾಡೇನು?

ಮನೆಗಳು ಎಂದೆ, ಸತ್ತವರ ಮನೆಗಳಷ್ಟೇ ಅಲ್ಲ. ಗಂಡ ಜೀವಂತವಿದ್ದು, ಕಾಶ್ಮೀರದಲ್ಲೋ ಅಸ್ಸಾಮಿನಲ್ಲೋ ಇರುವ ಹೆಂಗಸಿನ ಸಂಗತಿಯನ್ನು ನಾವು ಯೋಚಿಸುವುದೇ ಇಲ್ಲ. ಅವಳಿಗೆ ವಿಧವೆಗೆ ಸಿಗುವ ಅನುಕಂಪವೂ ಇಲ್ಲ, ಗಂಡ ಮಗ್ಗುಲಲ್ಲಿರುವವಳಿಗೆ ಸಿಗುವ ಅನುಕೂಲವೂ ಇಲ್ಲ. ಹನುಮಂತಪ್ಪನ ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಠಿಣ ಪ್ರದೇಶಗಳಲ್ಲಿಯೇ ಕಳೆದವೆಂದು ಸೈನ್ಯವೇ ಹೇಳಿತು. ಹತ್ತು ವರ್ಷ! ಅಷ್ಟು ಕಾಲ ಒಂದು ಮನೆಯ ಹೊಲ, ದನ, ಮುದುಕರ ಔಷಧ, ಮಕ್ಕಳ ಶಾಲೆ ಯಾರು ನೋಡಿಕೊಳ್ಳುತ್ತಾರೆ? ಯಾರು ನೋಡಿಕೊಳ್ಳುತ್ತಾರೋ ಅವರೇ ಮನೆಯ ಯಜಮಾನರು. ಆದರೆ ಕಾಗದದ ಮೇಲೆ ಅವಳು ಯಜಮಾನಳಲ್ಲ.

ನನಗೆ ಗೊತ್ತಿದ್ದ ಒಬ್ಬ ಹೆಣ್ಣುಮಗಳ ಮಾತು ಹೇಳುತ್ತೇನೆ. ಮಾವ ತೀರಿಕೊಂಡ ಮೇಲೆ ಹೊಲದ ವಾರಸಾ ಆಗಬೇಕಿತ್ತು. ಗಂಡ ಗಡಿಯಲ್ಲಿ, ರಜೆ ವರ್ಷಕ್ಕೆ ಒಂದೋ ಎರಡೋ ಸಲ. ಅವನು ರಜೆಗೆ ಬಂದಾಗ ಸಾಹೇಬರು ಟ್ರೇನಿಂಗಿಗೆ ಹೋಗಿರುತ್ತಿದ್ದರು. ಸಾಹೇಬರು ಬಂದಾಗ ಇವನ ರಜೆ ಮುಗಿದಿರುತ್ತಿತ್ತು. ಉತಾರದಲ್ಲಿ ಹೆಸರು ಏರದಿದ್ದರೆ ಬೆಳೆ ವಿಮೆಯಿಲ್ಲ, ಸೊಸೈಟಿಯ ಸಾಲವಿಲ್ಲ. ನಾನೊಮ್ಮೆ ಅವಳ ಜೊತೆ ಹೋಗಿದ್ದೆ. ಅಲ್ಲಿ ಕೂತವನು ನನ್ನ ಕಡೆಗೆ ನೋಡಿ, “ಅಕ್ಕೋರ, ನೀವು ಹೇಳ್ರಿ ಈಕಿಗೆ. ಗಣಮಕ್ಳ ಕೆಲಸ ಇದು. ಮೈದುನನ್ನರ ಕರಕೊಂಡ ಬರ್ಲಿ” ಎಂದ. ಆಕೆ ಸಣ್ಣ ದನಿಯಲ್ಲಿ, “ಸಾಹೇಬ್ರ, ಮೈದುನನ ಜೋಡಿನ ತಕರಾರ ಐತ್ರಿ” ಎಂದಳು. ಅವನು ನಕ್ಕ. ನನಗೆ ನಗು ಬರಲಿಲ್ಲ.

ಇನ್ನು ಹೆಸರಿನ ಗೊಂದಲ. ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣಿನ ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರನ್ನೂ ಬದಲಿಸುವುದುಂಟು. ತವರಿನಲ್ಲಿ ಈರವ್ವ, ಅತ್ತೆಯ ಮನೆಯಲ್ಲಿ ಸರೋಜಾ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಒಂದು, ಆಧಾರದಲ್ಲಿ ಮೂರನೆಯದು. ಇದು ನಮಗೆ ಸಂಭ್ರಮದ ಪದ್ಧತಿ. ಆದರೆ ಸೈನ್ಯದ ದಫ್ತರದಲ್ಲಿ ಮದುವೆಯ ದಾಖಲೆಯಾಗಬೇಕು, ಹೆಂಡತಿಯ ಹೆಸರು, ಜನ್ಮ ದಿನಾಂಕ ಸರಿಯಾಗಿರಬೇಕು. ಮಕ್ಕಳು ಹುಟ್ಟಿದಾಗಲೂ ಹಾಗೆಯೇ. ಗಂಡ ಬದುಕಿರುವವರೆಗೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಹೋದ ಮರುದಿನದಿಂದ ಅದೊಂದೇ ಕಣ್ಣಿಗೆ ಬೀಳುತ್ತದೆ. ಸರೋಜಾ ಎಂಬಾಕೆ ಈರವ್ವನೇ ಹೌದೆಂದು ಅಫಿಡವಿಟ್ ಮಾಡಿಸಬೇಕು, ಪಂಚಾಯತಿಯ ದಾಖಲೆ ತರಬೇಕು, ತವರಿನ ಶಾಲೆಗೆ ಹೋಗಿ ಹಳೆಯ ರಜಿಸ್ಟರ್ ತೆಗೆಸಬೇಕು. ಹೆಗಲ ಮೇಲೆ ಕೂಸು, ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಹತ್ತು ಕಾಗದ. ಇದನ್ನು ಮೊದಲೇ ಸರಿಪಡಿಸಲು ಒಂದು ಮಧ್ಯಾಹ್ನ ಸಾಕು. ಪಂಚಾಯತಿಯವರು ತಮ್ಮೂರಿನ ಸೈನಿಕರ ಮನೆಗಳ ಪಟ್ಟಿ ಮಾಡಿಕೊಂಡು, ಒಂದು ದಿನ ಕೂತು, ಎಲ್ಲರ ಕಾಗದ ಒಂದೇ ಹೆಸರಿಗೆ ಬರುವಂತೆ ನೋಡಿಕೊಂಡರೆ ಯಾವ ಸರ್ಕಾರದ ಬೊಕ್ಕಸಕ್ಕೂ ಭಾರವಾಗದು. ಶಾಲು, ಹಾರಕ್ಕೆ ಮಾಡುವ ಖರ್ಚಿನಷ್ಟೂ ಇದಕ್ಕೆ ಬೀಳುವುದಿಲ್ಲ. ಆದರೂ ಯಾರೂ ಮಾಡುವುದಿಲ್ಲ, ಯಾಕೆಂದರೆ ಇದರಲ್ಲಿ ಫೋಟೋ ಇಲ್ಲ.

ಶಾಲೆಯ ಮಾತಿಗೆ ಬರುತ್ತೇನೆ. ಅದು ನನ್ನ ಮನೆ. ಹನುಮಂತಪ್ಪ ದಿನಾಲೂ ಆರು ಕಿಲೋಮೀಟರು ನಡೆದು ಹೈಸ್ಕೂಲು ಓದಿದವನೆಂದು ಆಗ ಪತ್ರಿಕೆಗಳೆಲ್ಲ ಅಭಿಮಾನದಿಂದ ಬರೆದವು. ಭಾಷಣಗಳಲ್ಲಿಯೂ ಅದು ಬಂತು: ನೋಡಿರಿ, ಎಂಥ ಛಲ! ಛಲ ನಿಜ. ಆದರೆ ಆರು ಕಿಲೋಮೀಟರಿನ ಆ ಹಾದಿಯನ್ನು ಹುಡುಗ ನಡೆದದ್ದು ಅವನ ಹಿರಿಮೆ. ನಡೆಯಬೇಕಾಗಿ ಬಂದದ್ದು ನಮ್ಮ ಹಿರಿಮೆಯಲ್ಲ. ಆ ಪ್ರಾಯದ ಒಬ್ಬ ಹುಡುಗಿಯನ್ನು ಮುಸ್ಸಂಜೆಯಲ್ಲಿ, ಹತ್ತಿ, ಮೆಣಸಿನಗಿಡ ಆಳೆತ್ತರ ಬೆಳೆದ ಹೊಲಗಳ ನಡುವೆ ಯಾವ ತಾಯಿ ಕಳಿಸಿಯಾಳು? ಅವಳ ಓದು ಏಳನೆಯ ಇಯತ್ತೆಗೆ ಮುಗಿಯುತ್ತದೆ. ಮುಂದೆ ಅವಳೇ ಯಾವನೋ ಸೈನಿಕನ ಹೆಂಡತಿಯಾಗಿ, ಕಾಗದ ಓದಲಾರದೆ, ಮೈದುನನ ಕೈ ಕಾಯುತ್ತಾಳೆ. ನೋಡಿದಿರಾ, ಶಾಲೆಯ ದೂರ ಎಲ್ಲಿಗೆ ಬಂದು ಮುಟ್ಟುತ್ತದೆ!

2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಕೆಳಗಿನ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನಲ್ಲಿ, ಮೇಲಿನದು ಮೂರು ಕಿಲೋಮೀಟರಿನಲ್ಲಿ ಇರಬೇಕು. ಎಂಟನೆಯ ಇಯತ್ತೆಯ ಆಚೆ ಆ ಕಾಯ್ದೆಯೂ ಕೈ ಚಾಚುವುದಿಲ್ಲ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು, ಒಳ್ಳೆಯದೇ ಆಯಿತು. ಆದರೆ ಬಸ್ಸು ಶಾಲೆಯ ಹೊತ್ತಿಗೆ ಊರಿಗೆ ಬಂದರೆ ತಾನೆ ಅದು ಹುಡುಗಿಗೆ ಪುಕ್ಕಟೆ? ಹತ್ತೂವರೆಗೆ ಗಂಟೆ ಬಾರಿಸುವ ಹೈಸ್ಕೂಲಿಗೆ ಹನ್ನೊಂದಕ್ಕೆ ಬಸ್ಸು ಬಂದರೆ ಅದು ಸಂತೆಗೆ ಹೋಗುವವರ ಬಸ್ಸು.

ಹುತಾತ್ಮ ಸೈನಿಕನ ಹೆಸರನ್ನು ಶಾಲೆಗೆ ಇಡಿರಿ ಎಂಬ ಬೇಡಿಕೆ ಎಲ್ಲೆಡೆ ಬರುತ್ತದೆ. ಇಡಲಿ, ಬೇಡವೆನ್ನುವುದಿಲ್ಲ. ಆದರೆ ಕಮಾನಿನ ಮೇಲೆ ಅವನ ಹೆಸರು ಹೊತ್ತ ಶಾಲೆಯಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕ, ಇಂಗ್ಲಿಷಿಗೆ ಅತಿಥಿ ಶಿಕ್ಷಕ, ಜೂನಿನಲ್ಲಿ ಬರಬೇಕಾದ ಆ ಅತಿಥಿ ಆಗಸ್ಟಿನಲ್ಲಿ ಬಂದು ಫೆಬ್ರವರಿಯವರೆಗೆ ಗೌರವಧನಕ್ಕೆ ಕಾದು ಕೂಡುವುದು. ಇದು ಆ ಹೆಸರಿಗೆ ಮಾಡುವ ಮರ್ಯಾದೆಯೆ? ಹೆಸರಿಡುವ ಠರಾವಿನ ಕೆಳಗೆ ಇನ್ನೊಂದು ಸಾಲು ಬರೆಯುವ ಧೈರ್ಯ ನಮ್ಮ ಮುಖಂಡರಿಗೆ ಇರಬೇಕು: ಈ ಶಾಲೆಯಲ್ಲಿ ಒಂದು ಹುದ್ದೆಯೂ ಖಾಲಿ ಇರಕೂಡದು ಎಂದು.

ಹೀಗಾಗಿ ಏನಾಗುತ್ತಿದೆ? ಸೈನಿಕನ ಪಗಾರಿನಲ್ಲಿ ಅಷ್ಟು ಇಷ್ಟು ಉಳಿಸಿದ ಹೆಂಡತಿ, ಕಲಘಟಗಿ, ಅಣ್ಣಿಗೇರಿಯ ಕಡೆಯ ಹಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿ ಧಾರವಾಡಕ್ಕೆ ಬಂದು ಎರಡು ಕೋಣೆಯ ಬಾಡಿಗೆ ಮನೆ ಹಿಡಿಯುತ್ತಾಳೆ. ನಿಮ್ಮ ಓಣಿಯಲ್ಲಿಯೂ ಇಂಥವಳೊಬ್ಬಳು ಇರಬಹುದು. ಮನೆ ಕೇಳಲು ಹೋದಲ್ಲೆಲ್ಲ ಅವಳಿಗೆ ಎದುರಾಗುವುದು ಅದೇ ಪ್ರಶ್ನೆ: “ಮನೆಯವರು ಎಲ್ಲಿದ್ದಾರೆ?” ಮಿಲ್ಟ್ರಿಯಲ್ಲಿ ಎಂದೊಡನೆ ಮನೆಯೊಡತಿಯ ಮುಖದಲ್ಲಿ ಒಂದು ಬಗೆಯ ಅನುಮಾನ ಮೂಡುತ್ತದೆ. ಒಬ್ಬಳೇ ಇರುವ ಹೆಣ್ಣು. ಯಾರು ಬರುತ್ತಾರೋ ಹೋಗುತ್ತಾರೋ! ಟೀವಿಯಲ್ಲಿ ಸೈನಿಕನ ಶವಪೆಟ್ಟಿಗೆ ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡವರೂ ನಾವೇ, ಅವನ ಹೆಂಡತಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುವವರೂ ನಾವೇ. ಇದನ್ನು ಯಾವ ಸರ್ಕಾರದ ತಲೆಗೆ ಕಟ್ಟೋಣ?

ಪಟ್ಟಣಕ್ಕೆ ಬರಲಾರದವರಿಗೆ ಇರುವ ಹಾದಿಗಳೂ ಗೊತ್ತಾಗುವುದಿಲ್ಲ. ವಿಜಯಪುರದ ಸೈನಿಕ ಶಾಲೆ 1963ರದು. ಅಂಥ ಶಾಲೆಗಳಲ್ಲಿ ಸೈನಿಕರ ಮಕ್ಕಳಿಗೆ ಮೀಸಲು ಇದೆ. 2021ರಿಂದ ದೇಶದ ಎಲ್ಲ ಸೈನಿಕ ಶಾಲೆಗಳ ಬಾಗಿಲು ಹುಡುಗಿಯರಿಗೂ ತೆರೆಯಿತು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ 1969ರಿಂದ ನಡೆಯುತ್ತ ಬಂದಿದೆ. ಆದರೆ ಅದರ ಪ್ರವೇಶ ಪರೀಕ್ಷೆ ಯಾವಾಗ, ಅರ್ಜಿ ಎಲ್ಲಿ ಎಂದು ಪಟ್ಟಣದ ಟ್ಯೂಶನ್ನಿನವರಿಗೆ ಗೊತ್ತಿರುವಷ್ಟು ಹಳ್ಳಿಯ ಸೈನಿಕನ ಮನೆಗೆ ಗೊತ್ತಿರುವುದಿಲ್ಲ. ಗಡಿ ಕಾಯುವವನ ಮಗಳಿಗಾಗಿ ಇಟ್ಟ ಕುರ್ಚಿಯ ಸುದ್ದಿ ಅವಳಿಗೇ ತಲುಪದಿದ್ದರೆ ಆ ಕುರ್ಚಿ ಇದ್ದು ಫಲವೇನು?

ರಾಜಕೀಯದ ಮಾತು ನಮಗೇಕೆ ಎನ್ನಬೇಡಿರಿ. ಬಸ್ಸು, ಮಾಸ್ತರು, ಉತಾರ, ನಳ, ಇವೆಲ್ಲ ರಾಜಕೀಯವೇ. ಹನುಮಂತಪ್ಪನ ಮಣ್ಣಾದ ಅದೇ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿ ಚುನಾವಣೆ ನಡೆದವು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯ ಸುಳಿವೇ ಇಲ್ಲದೆ ಅಧಿಕಾರಿಗಳೇ ಆಳಿದರು. ಒಂದು ಪಕ್ಷ ಹೋಗಿ ಇನ್ನೊಂದು ಬಂದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಮುಂದಕ್ಕೆ ನೂಕಿದರು. ಹೈಸ್ಕೂಲಿನ ಛಾವಣಿ ಸೋರಿದರೆ ಹಿಂದೆ ಜಿಲ್ಲಾ ಪಂಚಾಯತಿಯ ಸದಸ್ಯನನ್ನಾದರೂ ಬಾಗಿಲಲ್ಲಿ ತಡೆದು ಬೈಯಬಹುದಿತ್ತು. ಸದಸ್ಯನೇ ಇಲ್ಲದಿದ್ದರೆ ಬೈಯುವುದು ಯಾರನ್ನು?

ಗ್ರಾಮ ಪಂಚಾಯತಿಯಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ನಮ್ಮವು, ಹೆಂಗಸರವು. ಆದರೆ ಸಭೆಯಲ್ಲಿ ಮಾತಾಡುವವನು ಸದಸ್ಯಳ ಗಂಡ. ಅವನಿಗೆ ‘ಮೆಂಬರ ಸಾಹೇಬ್ರು’ ಎಂಬ ಬಿರುದು. ನನ್ನ ಮನಸ್ಸಿಗೆ ಬರುವ ವಿಚಾರವೆಂದರೆ, ಸೈನಿಕನ ಹೆಂಡತಿಗಿಂತ ಒಳ್ಳೆಯ ಸದಸ್ಯಳು ಈ ಸ್ಥಾನಕ್ಕೆ ಯಾರಿದ್ದಾರೆ? ಅವಳ ಬದಲು ಕುರ್ಚಿಯಲ್ಲಿ ಕೂಡ್ರಲು ಗಂಡ ಊರಿನಲ್ಲಿಲ್ಲ! ಮನೆ ನಡೆಸಿ, ಬ್ಯಾಂಕು, ಕಚೇರಿ ಅಲೆದು ಅವಳು ಕಲಿತದ್ದನ್ನು ಯಾವ ತರಬೇತಿಯೂ ಕಲಿಸದು. ಆದರೆ ಪಕ್ಷಗಳವರು ಅವಳ ಮನೆಯ ಬಾಗಿಲಿಗೆ ಹೋಗುವುದಿಲ್ಲ. ಪಂಚಾಯತಿ ಚುನಾವಣೆಗೆಂದು ರಜೆ ಹಾಕಿ ಗಡಿಯಿಂದ ಬರುವ ಸೈನಿಕ ಯಾರಿದ್ದಾನೆ? ಆ ಮನೆಯಲ್ಲಿ ಒಂದು ಓಟು ಕಡಿಮೆ. ಶವಪೆಟ್ಟಿಗೆಯ ಹಿಂದೆ ನಡೆಯುವ ಕಾಲುಗಳು ಓಟಿಲ್ಲದ ಬಾಗಿಲಿಗೆ ನಡೆಯುವುದಿಲ್ಲ.

‘ಜೈ ಜವಾನ್ ಜೈ ಕಿಸಾನ್’ ಎಂದು ಲಾಲಬಹಾದುರ ಶಾಸ್ತ್ರಿಗಳು ಘೋಷಿಸಿದ್ದು 1965ರಲ್ಲಿ. ನಮ್ಮ ಜಿಲ್ಲೆಯಲ್ಲಿ ಈ ಎರಡು ಜೈಕಾರ ಒಂದೇ ಮನೆಗೆ ಸಲ್ಲುತ್ತವೆ. ಜವಾನ ಕಿಸಾನನ ಮಗನೇ. 2016ರ ಫೆಬ್ರವರಿಯಲ್ಲಿ ಕುಂದಗೋಳ ತಾಲೂಕಿನಲ್ಲಿ ಜವಾನನಿಗೆ ಹೂವು ಸುರಿಸಿದೆವು. ಅದೇ ವರ್ಷ ಜುಲೈ ಕೊನೆಗೆ, ಮಹದಾಯಿ ನೀರಿನ ಸಿಟ್ಟು ಭುಗಿಲೆದ್ದಾಗ, ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಮನೆ ಹೊಕ್ಕು ಹೆಂಗಸರು, ಮುದುಕರು ಎನ್ನದೆ ಲಾಠಿ ಬೀಸಿದರು. ನಡುವೆ ಐದು ತಿಂಗಳ ಅಂತರ. ಮಗನಿಗೆ ಹಾರ ಹಾಕುವ ಸರ್ಕಾರ ಅವನ ತಾಯಿಯಂಥವರ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಬಲ್ಲದು. ಹಾರಕ್ಕೆ ಮರುಳಾಗಬಾರದೆಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ವಿಧವೆಯರ ವಿಷಯ. ಹಣ ಬಂದ ಮನೆಗೆ ಜಗಳವೂ ಬರುತ್ತದೆ. ಪಿಂಚಣಿ ಹೆಂಡತಿಗೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ತಾಯಿಗೂ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಊರು ತಮಾಷೆ ನೋಡುತ್ತದೆ. “ದುಡ್ಡು ತೊಗೊಂಡು ತವರಿಗೆ ಹೋದ್ಲಂತ” ಎಂಬ ಮಾತು ಬಾವಿಕಟ್ಟೆಯಲ್ಲಷ್ಟೇ ಅಲ್ಲ, ಪಟ್ಟಣದ ಮಹಿಳಾ ಮಂಡಳದ ಅರಿಸಿನ ಕುಂಕುಮದಲ್ಲಿಯೂ ಕೇಳಿದ್ದೇನೆ. ಇಪ್ಪತ್ತೈದು ವರ್ಷದ ಹುಡುಗಿ ತವರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಮುಪ್ಪಿನ ತಂದೆತಾಯಿಗೂ ಒಂದು ಪಾಲು ನೇರವಾಗಿ ಸಿಗುವಂತೆ ನಿಯಮ ಮಾಡಿರೆಂದು ಕೇಳೋಣ, ಅದು ನ್ಯಾಯ. ಸೊಸೆಯ ಬಾಯಿಂದ ಕಸಿದು ಕೊಡಿರಿ ಎನ್ನುವುದು ನ್ಯಾಯವಲ್ಲ.

ಈ ವಿಷಯದಲ್ಲಿ ಸರ್ಕಾರದ ಕಣ್ಣೂ ಊರಿನ ಕಣ್ಣಿನಂತೆಯೇ ಇತ್ತು. ಶೌರ್ಯ ಪ್ರಶಸ್ತಿ ಪಡೆದ ಸೈನಿಕನ ವಿಧವೆ ಮರುಮದುವೆಯಾದರೆ ಪ್ರಶಸ್ತಿಯ ಭತ್ಯೆ ನಿಲ್ಲುತ್ತಿತ್ತು. ಗಂಡನ ತಮ್ಮನನ್ನೋ ಅಣ್ಣನನ್ನೋ ಆದರೆ ಮಾತ್ರ ಮುಂದುವರಿಯುತ್ತಿತ್ತು. ಈ ಷರತ್ತನ್ನು ತೆಗೆದದ್ದು ಯಾವಾಗ? 2017ರ ನವೆಂಬರಿನಲ್ಲಿ! ನಮ್ಮ ಹಳ್ಳಿಗಳಲ್ಲಿ ಉಡಿಕೆಯ ಪದ್ಧತಿ ಹಿಂದಿನಿಂದ ಇದೆ. ವಿಧವೆಗೆ ಇನ್ನೊಂದು ಸಂಸಾರ ಕಟ್ಟಿಕೊಳ್ಳುವ ದಾರಿಯನ್ನು ಓದುಬರಹವಿಲ್ಲದ ಹಿರಿಯರು ಬಿಟ್ಟಿದ್ದರು. ದಿಲ್ಲಿಯ ಕಾಗದಕ್ಕೆ ಅಷ್ಟು ಬುದ್ಧಿ ಬರಲು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಬೇಕಾಯಿತು. ಅದೇ 2017ರಲ್ಲಿ ಹುತಾತ್ಮರ ಮಕ್ಕಳ ವಿದ್ಯಾಭ್ಯಾಸದ ನೆರವಿಗೆ ತಿಂಗಳಿಗೆ 10,000 ರೂಪಾಯಿ ಎಂದು ಮಿತಿ ಹಾಕಿದರು. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ 2018ರ ಮಾರ್ಚಿನಲ್ಲಿ ತೆಗೆದರು. ಪಾಠ ಇಷ್ಟೇ: ಕೇಳಿದರೆ ಬದಲಾಗುತ್ತದೆ, ಅತ್ತರೆ ಅಲ್ಲ.

ಮುಂದಿನ ದಿನಗಳು ಇನ್ನೂ ಬೇರೆಯವು. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ. ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಕಾಯಂ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಗಂಟಿನೊಡನೆ ಊರಿಗೆ. ಅವರಿಗೆ ಪಿಂಚಣಿಯಿಲ್ಲ. ಸೇವೆಯಲ್ಲಿದ್ದಾಗ ತೀರಿಕೊಂಡರೆ ವಿಮೆ, ಪರಿಹಾರ ಉಂಟು. ಕಾಯಂ ಸೈನಿಕನ ಮನೆಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿಯನ್ನು ಆ ನಿಯಮಗಳಲ್ಲಿ ಇಡಲಿಲ್ಲ. ಸೇರುವಾಗ ಮದುವೆಯಾಗಿರಬಾರದು. ಅಂದರೆ ಆ ಮನೆಯಲ್ಲಿ ಕಾಯುತ್ತ ಕೂಡುವವಳು ಹೆಂಡತಿಯಲ್ಲ, ತಾಯಿ. ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದಲ್ಲಿ ಮಗ ತಿರುಗಿ ಬಂದಾಗ ಊರಿನಲ್ಲಿ ಅವನಿಗಾಗಿ ಏನು ಕಾದಿದೆ? ಬತ್ತಿದ ಹೊಲವೋ, ಬಾರಿನ ಬಾಗಿಲೋ, ಚುನಾವಣೆಯ ಹೊತ್ತಿಗೆ ಬೈಕಿಗೆ ಪೆಟ್ರೋಲು ಹಾಕಿಸುವ ಮುಖಂಡನೋ? ಈ ಯೋಜನೆಯ ಪರ ವಿರೋಧ ಭಾಷಣ ಬಹಳ ಆಯಿತು. ಹುಡುಗನ ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು ತಾಲೂಕಿನ ಕಾಲೇಜು ಏನು ಏರ್ಪಾಡು ಮಾಡಿದೆ ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟು ಬರೆದ ಮೇಲೆ ಒಬ್ಬ ಗೆಳತಿ ಕೇಳಿದಳು: “ಸೈನಿಕರ ಹೆಂಡಂದಿರಿಗೇ ಯಾಕ ಇಷ್ಟು? ಸಾಲಕ್ಕೆ ಅಂಜಿ ಉರುಲು ಹಾಕ್ಕೊಂಡ ರೈತನ ಹೆಂಡತಿ ಇಲ್ಲೇನು? ಗೋವಾಕ್ಕ ದುಡಿಯಾಕ ಹೋದವನ ಹೆಂಡತಿ ಇಲ್ಲೇನು?” ಅವಳ ಮಾತು ನೂರಕ್ಕೆ ನೂರು ಸರಿ. ನಾನು ಸೈನಿಕನ ಹೆಂಡತಿಗೆ ಬೇರೆ ಸಾಲು ಹಚ್ಚಿರಿ ಎನ್ನುತ್ತಿಲ್ಲ. ಯಾವ ಊರು ಸೈನಿಕನನ್ನು ಇಷ್ಟು ಹೊಗಳುತ್ತದೋ ಆ ಊರೇ ಅವನ ಹೆಂಡತಿಯನ್ನು ಒಬ್ಬ ಪೂರ್ಣ ಮನುಷ್ಯಳೆಂದು ಎಣಿಸದಿದ್ದರೆ, ಹೊಗಳಿಕೆಯಿಲ್ಲದ ಮನೆಯ ಹೆಣ್ಣಿನ ಗತಿ ಏನಿರಬಹುದು ಎಂದು ಅಳೆದು ನೋಡಿರಿ ಎನ್ನುತ್ತಿದ್ದೇನೆ. ಮನೆ ನಡೆಸುವವಳೇ ಮನೆಯ ಯಜಮಾನಿ ಎಂದು ಸೈನಿಕನ ಹೆಂಡತಿಗಾಗಿ ಒಮ್ಮೆ ಬಾಗಿಲು ತೆರೆದರೆ, ಅದೇ ಬಾಗಿಲಿನಿಂದ ರೈತನ ಹೆಂಡತಿಯೂ ಒಳಗೆ ಬರುತ್ತಾಳೆ.

ನಾವು ಪಟ್ಟಣದ ಹೆಂಗಸರು ಏನು ಮಾಡಬಹುದು? 1949ರಿಂದ ಡಿಸೆಂಬರ್ 7 ಧ್ವಜ ದಿನ. ಡಬ್ಬಿಗೆ ರೊಕ್ಕ ಹಾಕಿ, ಸೆರಗಿಗೆ ಪುಟ್ಟ ಧ್ವಜ ಚುಚ್ಚಿಕೊಳ್ಳುತ್ತೇವೆ. ಅದನ್ನು ಬಿಡುವುದು ಬೇಡ. ಆದರೆ ಆ ವರ್ಷದಲ್ಲಿ ಇನ್ನು ಮೂರು ದಿನ ಕೊಡೋಣ. ಒಂದು ದಿನ, ನಮ್ಮ ತವರೂರಿನ ಸೈನಿಕರ ಮನೆಗೆ ಹೋಗಿ ಕಾಗದಗಳಲ್ಲಿ ಹೆಸರು ಸರಿಯಿದೆಯೇ ಎಂದು ಓದಿ ಹೇಳೋಣ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಧಾರವಾಡದಲ್ಲಿಯೇ ಇದೆ, ಅಲ್ಲಿಗೆ ಅವಳ ಜೊತೆ ಹೋಗೋಣ. ಅವಳ ಬದಲು ಮಾತಾಡಲು ಅಲ್ಲ, ಮಗ್ಗುಲಲ್ಲಿ ಕೂಡಲು. ಇನ್ನೊಂದು ದಿನ, ಶಾಲೆಯ ಎಸ್.ಡಿ.ಎಂ.ಸಿ. ಸಭೆಗೆ. ಕಾಯ್ದೆಯಂತೆ ಅದರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಇದ್ದಾರೆಯೆ, ಇದ್ದರೆ ಸಹಿಗೆ ಮಾತ್ರವೆ ಎಂದು ಕೇಳೋಣ. ಮೂರನೆಯ ದಿನ, ಗ್ರಾಮಸಭೆಗೆ. ವರ್ಷಕ್ಕೆ ಎರಡು ಸಲವಾದರೂ ಅದು ಸೇರಲೇಬೇಕು. ಅಲ್ಲಿ ನಮ್ಮ ಅಣ್ಣತಮ್ಮಂದಿರ ಹೆಂಡಂದಿರನ್ನು ಎಬ್ಬಿಸಿ ನಿಲ್ಲಿಸೋಣ. ಬಸ್ಸಿನ ಹೊತ್ತು, ಮಾಸ್ತರರ ಖಾಲಿ ಜಾಗ, ವಾರಸಾದ ಅರ್ಜಿ. ಮೂರೇ ಪ್ರಶ್ನೆ, ಠರಾವು ಪುಸ್ತಕದಲ್ಲಿ ಬರೆಸಿ ಏಳೋಣ.

ಮತ್ತು ನಮ್ಮ ಮನೆಯ ಖಾಲಿ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಇಬ್ಬರು ಮಕ್ಕಳ ಕೈ ಹಿಡಿದ ಹೆಣ್ಣುಮಗಳು ಬಂದರೆ, ಮನೆಯವರು ಎಲ್ಲಿ ಎಂದು ಕೇಳಬೇಡಿರಿ. ಮನೆಯವರು ನಿಮ್ಮ ಮುಂದೆಯೇ ನಿಂತಿದ್ದಾರೆ. ಬಾಡಿಗೆ ಎಷ್ಟು, ನೀರು ಯಾವಾಗ ಬರುತ್ತದೆ ಎಂದಷ್ಟು ಹೇಳಿ, ಕೀಲಿ ಕೊಡಿರಿ.